ಪಟಗಾ ಇಲ್ಲದ ರಾವಸಾಹೇಬ

ನಾಯಿ ಸತ್ತರೆ ಊರಿಗೆಲ್ಲ ತಿಳಿಸಬಾರದು. ತಿಳಿಸಲೇಬೇಕೆಂಬ ತುರಿಕೆ ಇದ್ದರೆ ಸಂದೇಶದಲ್ಲಿ ‘ನಾಯಿ’ ಎಂಬ ಎರಡಕ್ಷರವನ್ನಾದರೂ ಎಲ್ಲೋ ಒಂದು ಕಡೆ ಸೇರಿಸಬೇಕು. ಇಷ್ಟು ಸಣ್ಣ ವಿವೇಕ ಇಲ್ಲದ ನಾನು ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ನಾಲ್ಕೂ ತಾಲೂಕುಗಳ ಬೀಗರು ಬಿಜ್ಜರನ್ನು ಒಂದೇ ಮುಂಜಾನೆ ಅಳಿಸಿದವನು.

ತಪ್ಪು ಹೆಸರಿನಿಂದಲೇ ಶುರುವಾಗಿತ್ತು. ಮರಿ ಮನೆಗೆ ಬಂದ ಮೂರನೇ ದಿನಕ್ಕೇ ಕಟ್ಟೆಯ ಮೇಲೆ ಅಪ್ಪ ಕೂಡುವ ಜಾಗದಲ್ಲಿ, ಅಪ್ಪನ ಹಾಗೆಯೇ ಓಣಿಗೆ ಮುಖ ಮಾಡಿ ಕುಳಿತು, ಹೋಗಿಬರುವವರನ್ನೆಲ್ಲ ಸಾಲ ಕೊಟ್ಟವನ ಗತ್ತಿನಲ್ಲಿ ನೋಡತೊಡಗಿತು. ಅಪ್ಪ ಹೊರಗೆ ಬಂದು ಒಂದು ಗಳಿಗೆ ನಿಂತರು. “ರಾವಸಾಹೇಬ್ರ, ಸ್ವಲ್ಪ ಸರೀತೀರೇನ್ರಿ?” ಎಂದರು. ಅದು ಸರಿಯಲಿಲ್ಲ. ಅವತ್ತಿನಿಂದ ಅದು ‘ಅವನು’ ಆಯಿತು, ಅವನು ರಾವಸಾಹೇಬನಾದ.

ಅವನನ್ನು ಕೊಟ್ಟದ್ದು ರಾಮದುರ್ಗದ ಆಚೆ, ಲೋಕಾಪುರದ ಕಡೆಯ ಒಬ್ಬ ಕುರಿಗಾರ. “ಅಸಲೀ ಮುಧೋಳ್ರಿ” ಎಂದು ಆಣೆ ಹಾಕಿದ್ದ. ಮುಧೋಳ ನಾಯಿ ಅಂದರೆ ಸಾಮಾನ್ಯವೇ? ಘೋರ್ಪಡೆ ಸಂಸ್ಥಾನದ ಮಾಲೋಜಿರಾವ್ ಮಹಾರಾಜರು ಸಾಕಿ ಬೆಳೆಸಿದ ತಳಿ, ಐದನೇ ಜಾರ್ಜ್ ದೊರೆಗೆ ಜೋಡಿ ಕಾಣಿಕೆ ಹೋಗಿತ್ತು ಎನ್ನುತ್ತಾರೆ. 2005ರಲ್ಲಿ ಅಂಚೆ ಚೀಟಿಯ ಮೇಲೆ ಬಂದಿತು, ಆಮೇಲೆ ಸೈನ್ಯಕ್ಕೂ ಸೇರಿತು. ನಮ್ಮವನ ಅಸಲಿತನಕ್ಕೆ ಇದ್ದ ಆಧಾರ ಒಂದೇ: ಪಕ್ಕೆಲುಬು ಎಣಿಸಲು ಬರುತ್ತಿತ್ತು. ಎರಡು ತಿಂಗಳು ಜೋಳದ ರೊಟ್ಟಿ ಮಜ್ಜಿಗೆ ಬಿದ್ದ ಮೇಲೆ ಆ ಆಧಾರವೂ ಮುಚ್ಚಿಹೋಯಿತು. ಹೊಲದಲ್ಲಿ ಮೊಲ ಎದುರಾದರೆ ಎದ್ದು ದಾರಿ ಬಿಡುತ್ತಿದ್ದ.

ಅವನಿಗಿಂತ ಮುಂಚೆ ಇಬ್ಬರು ಇದ್ದರು. ಕಾಳ್ಯಾ, ಕಬ್ಬಿನ ಟ್ರ್ಯಾಕ್ಟರಿಗೆ ಸಿಕ್ಕ. ಚಂಪಿ, ಬನದ ಹುಣ್ಣಿವೆಗೆ ಎಲ್ಲಮ್ಮನ ಗುಡ್ಡಕ್ಕೆ ಹೊರಟ ಯಾರದೋ ಚಕ್ಕಡಿಯ ನೆರಳಿನಲ್ಲಿ, ತಾನೇ ಅದನ್ನು ಎಳೆಯುತ್ತಿದ್ದೇನೆಂಬ ಭ್ರಮೆಯಲ್ಲಿ ನಡೆದುಹೋದವಳು ಮತ್ತೆ ಬರಲಿಲ್ಲ. ಗುಡ್ಡದಲ್ಲಿ ನೈವೇದ್ಯಕ್ಕೆ ಬರವಿಲ್ಲ, ಹೀಗಾಗಿ ಅವಳ ಬಗ್ಗೆ ನನಗೆ ಚಿಂತೆಯೂ ಇಲ್ಲ. ಆದರೆ ರಾವಸಾಹೇಬ ಹದಿಮೂರು ವರ್ಷ ಬಾಳಿ, ಅಪ್ಪನನ್ನೂ ಕಳಿಸಿ, ಅಪ್ಪನ ಜಾಗವನ್ನು ಪೂರ್ತಿ ತನ್ನದಾಗಿಸಿಕೊಂಡು, ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಬಂದು ಚರಗ ಚೆಲ್ಲುವುದನ್ನು ನೋಡಿ, ಶೇಂಗಾ ಹೋಳಿಗೆ ತಿಂದು, ಅದಾಗಿ ನಾಲ್ಕನೇ ದಿನದ ಬೆಳಗಿನ ಜಾವ ಕಟ್ಟೆಯ ಮೇಲೆಯೇ ತಣ್ಣಗಾದ.

ನಾನು ಆಗ ಫೋನು ಕೈಗೆ ತೆಗೆದುಕೊಂಡೆ. ಇಲ್ಲಿ ನನ್ನನ್ನು ಯಾರಾದರೂ ತಡೆಯಬೇಕಿತ್ತು.

‘ನಮ್ಮ ನಾಯಿ ಸತ್ತಿತು’ ಎಂದು ಬರೆಯಲು ಬೆರಳೇ ಬರಲಿಲ್ಲ. ‘ವಿಧಿವಶ’ ಎಂದು ಬರೆದೆ, ಪತ್ರಿಕೆಯ ವಾಸನೆ ಬಂತು, ಅಳಿಸಿದೆ. ‘ಲಿಂಗೈಕ್ಯ’ ಎಂದು ಬರೆದು, ಮಠದ ಅಜ್ಜಾವರ ನೆನಪಾಗಿ ಹೆದರಿ ಅಳಿಸಿದೆ. ಅರ್ಧ ತಾಸು ತಿದ್ದಿ ತೀಡಿ ಕೊನೆಗೆ ಸಿದ್ಧವಾದದ್ದು ಇದು: ‘ನಮ್ಮ ಮನೆಯ ಹಿರಿಯ ಜೀವ, ಓಣಿಗೆಲ್ಲ ಬೇಕಾದವರಾಗಿದ್ದ ರಾವಸಾಹೇಬರು ತುಂಬು ಜೀವನ ನಡೆಸಿ ಇಂದು ನಸುಕಿನಲ್ಲಿ ನಮ್ಮನ್ನಗಲಿದರು. ಅಂತ್ಯಕ್ರಿಯೆ ಮಧ್ಯಾಹ್ನ 2 ಗಂಟೆಗೆ ಸ್ವಂತ ಹೊಲದಲ್ಲಿ.’ ಫೋಟೋ ಹಾಕಲಿಲ್ಲ. ಕಣ್ಣು ಬಿಟ್ಟಿರುವ ಫೋಟೋ ಒಂದೂ ಇರಲಿಲ್ಲ. ಬರೆದದ್ದನ್ನು ಎರಡು ಸಲ ಓದಿಕೊಂಡೆ. ದುಃಖದ ನಡುವೆಯೂ, ಹೇಳಲು ನಾಚಿಕೆ, ಚಲೋ ಬಂದಿದೆ ಅನಿಸಿತು. ಬಂಧು ಬಳಗದ ನಾಲ್ಕು ಗುಂಪುಗಳಿಗೆ ಒತ್ತಿಬಿಟ್ಟೆ.

ಮೊದಲ ಫೋನು ಸವದತ್ತಿಯಿಂದ ಬಂತು. ಅಲ್ಲಿ ನಮಗೆ ಒಬ್ಬರು ಬೀಗರಿದ್ದಾರೆ. ಅವರ ಹೆಸರೂ ರಾವಸಾಹೇಬ. ಈ ಸಂಗತಿ ನನಗೆ ಗೊತ್ತೇ ಇತ್ತು, ಆದರೆ ಗೊತ್ತಿರುವುದೆಲ್ಲ ಬೇಕಾದ ಹೊತ್ತಿಗೆ ನೆನಪಾಗಬೇಕಲ್ಲ. “ನಾನು ಇನ್ನೂ ಅದೀನಪಾ,” ಎಂದರು ಅವರು. “ಚಹಾ ಕುಡ್ಯಾಕತ್ತೀನಿ. ಬಾಗಿಲದಾಗ ಹದಿನೈದು ಮಂದಿ ನಿಂತಾರ. ಏನ ಹೇಳಲಿ?” ನಾನು ವಿಷಯ ಬಿಡಿಸಿ ಹೇಳಿದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ: “ಹದಿಮೂರು ವರ್ಷದಿಂದ ನೀವು ಅದಕ್ಕ ನನ್ನ ಹೆಸರ ಹಿಡದ ಬೈತಿದ್ರಿ?” ಇದಕ್ಕೆ ಇವತ್ತಿನವರೆಗೂ ನನ್ನ ಹತ್ತಿರ ಉತ್ತರವಿಲ್ಲ. ಸಂಕ್ರಮಣಕ್ಕೆ ಎಳ್ಳು ಬೆಲ್ಲ ಬರಲಿಲ್ಲ.

ಕಿತ್ತೂರಿನ ಭಾವನ ಮಗ ಮೋಟರ್ ಸೈಕಲ್ಲಿನಲ್ಲಿ, ಎರಡೂ ಹೆಗಲಿಗೆ ಅಡ್ಡ ಹಾಕಿಕೊಂಡ ಒಂದೂವರೆ ಮಾರು ಸೇವಂತಿಗೆ ಮಾಲೆಯೊಂದಿಗೆ ಬಂದಿಳಿದ. ಕಟ್ಟೆಯ ಕಡೆ ನೋಡಿದ, ನನ್ನ ಕಡೆ ನೋಡಿದ, ಮಾಲೆಯ ಕಡೆ ನೋಡಿದ. “ಮುನ್ನೂರು ರೂಪಾಯಿ ಮಾವಾ” ಎಂದ. ಸಾವಿನ ಮನೆಗೆ ತಂದದ್ದನ್ನು ಹೊಳ್ಳಿ ಒಯ್ಯಬಾರದೆಂದು ನನ್ನ ಹೆಂಡತಿ ತೀರ್ಪು ಕೊಟ್ಟಳು. ಮಾಲೆ ರಾವಸಾಹೇಬನಿಗೇ ಬಿತ್ತು.

ಇನ್ನು ರಾಮದುರ್ಗದ ಸ್ವಾದರತ್ತಿ. ಅಪ್ಪನ ಒಬ್ಬಳೇ ತಂಗಿ. ಗೊಡಚಿ ಜಾತ್ರೆಗೆ ಬಾ ಎಂದು ವರ್ಷವೂ ಕರೆಯುತ್ತಾಳೆ, ನಾನು ವರ್ಷವೂ ಹೋಗುವುದಿಲ್ಲ. ಅವಳಿಗೆ ಫೋನು ಓದಲು ಬರುವುದಿಲ್ಲ. ಮೊಮ್ಮಗ ಓದಿ ಹೇಳಿದನಂತೆ, ಅವನು ಪೂರ್ತಿ ಓದುವುದರೊಳಗೆ ಇವಳು ಓಣಿಯ ಮೂವರು ಹೆಣ್ಣುಮಕ್ಕಳನ್ನು ಹೊರಡಿಸಿಕೊಂಡು ಬಸ್ ಸ್ಟ್ಯಾಂಡಿನಲ್ಲಿದ್ದಳು. 2023ರ ಜೂನಿನಲ್ಲಿ ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆ ಆದಂದಿನಿಂದ ನಮ್ಮ ಕಡೆ ದುಃಖ ಹಂಚಿಕೊಳ್ಳುವುದು ಬಹಳ ಸಲೀಸಾಗಿದೆ. ಸವದತ್ತಿಯಲ್ಲಿ ಬಸ್ಸು ಬದಲಿಸಿ ಹನ್ನೆರಡೂವರೆಗೆ ಬೈಲಹೊಂಗಲದಲ್ಲಿ ಇಳಿದರು.

ನಮ್ಮ ಕಡೆಯ ಹಳೆಯ ಹೆಂಗಸರು ಸಾವಿನ ಮನೆಗೆ ಸುಮ್ಮನೆ ಬರುವುದಿಲ್ಲ, ಹಾಡಿಕೊಂಡು ಅಳುತ್ತ ಬರುತ್ತಾರೆ. ಓಣಿಯ ತಿರುವಿನಲ್ಲೇ ಸೆರಗು ಬಾಯಿಗೆ ಹೋಗಬೇಕು, ಮೊದಲ ನುಡಿ ಏಳಬೇಕು. ಹೆಣದ ಮುಂದೆ ಬಂದು ಕೂಡುವ ಹೊತ್ತಿಗೆ ಸತ್ತವನ ಅರ್ಧ ಚರಿತ್ರೆ ಮುಗಿದಿರಬೇಕು. ಅತ್ತಿ ಈ ವಿದ್ಯೆಯಲ್ಲಿ ನುರಿತವಳು. ಸತ್ತವನ ಗುರುತು ಪರಿಚಯ ಇಲ್ಲದಿದ್ದರೂ ಹಾಡಬಲ್ಲಳು, ಅವತ್ತು ಇರಲೂ ಇಲ್ಲ. ರಾವಸಾಹೇಬ ಎಂದರೆ ನನ್ನ ಹೆಂಡತಿಯ ತವರಿನ ಯಾವನೋ ಹಿರಿಯನಿರಬೇಕು ಎಂದುಕೊಂಡು ತಿರುವಿನಲ್ಲೇ ಎತ್ತಿಕೊಂಡಳು.

“ಪಟಗಾ ಸುತ್ತಿ ಕಟ್ಟಿ ಮ್ಯಾಲ ಕುಂತರ ಓಣಿಗಿ ಓಣೀನ ತುಂಬತಿತ್ತಲ್ಲೋ ನನ್ನಪ್ಪಾ…”

ಹಿಂದಿನ ಮೂವರು “ನನ್ನಪ್ಪಾ…” ಎಂದು ಕೂಡಿಸಿದರು.

ನಾನು ಓಡಿಹೋಗಿ “ಅತ್ತಿ, ಅತ್ತಿ” ಎಂದೆ. ಅವಳು ನನ್ನ ಕುತ್ತಿಗೆ ಹಿಡಿದು ಅತ್ತಳು. ಸತ್ಯ ಹೇಳಲು ಬಾಯಿ ಬಿಡುವಷ್ಟು ಜಾಗವನ್ನೂ ಅವಳ ತೋಳು ಕೊಡಲಿಲ್ಲ. ಹಾಗೆಯೇ ನನ್ನನ್ನು ಎಳೆದುಕೊಂಡು ಕಟ್ಟೆಯವರೆಗೆ ಬಂದಳು. ಅಲ್ಲಿ ಅಪ್ಪನ ಬಿಳಿ ಧೋತರ ಹೊದಿಸಿ, ಮೇಲೆ ಒಂದೂವರೆ ಮಾರು ಸೇವಂತಿಗೆ ಹಾಕಿ ಮಲಗಿಸಿದ್ದೆವು. ಧೋತರದ ಒಂದು ತುದಿಯಿಂದ ಬಾಲ ಹೊರಗೆ ಬಂದಿತ್ತು.

ಅತ್ತಿ ಬಾಲ ನೋಡಿದಳು.

ಒಂದು ಉಸಿರಿನಷ್ಟು ಹೊತ್ತು ಹಾಡು ನಿಂತಿತು. ಓಣಿಯ ಮಂದಿ ಉಸಿರು ಹಿಡಿದರು, ನನ್ನ ಹೆಂಡತಿ ಒಳಗೆ ಹೋಗಿ ಬಾಗಿಲ ಸಂದಿಯಿಂದ ನೋಡಿದಳು, ಕಿತ್ತೂರಿನವನು ಗೋಡೆಗೆ ಮುಖ ಮಾಡಿ ಹೆಗಲು ಕುಣಿಸುತ್ತ ನಿಂತ. ಎತ್ತಿದ ಹಾಡನ್ನು ನಡುವೆ ಬಿಡಬಾರದು, ಬಿಟ್ಟರೆ ಮನೆಗೆ ಒಳ್ಳೆಯದಲ್ಲ. ಅತ್ತಿ ಸೆರಗು ಸರಿಮಾಡಿಕೊಂಡಳು, ಕೆಳಗೆ ಕುಳಿತಳು, ಅದೇ ಧಾಟಿಯಲ್ಲಿ, ಒಂದು ಎಳೆಯೂ ಜಾರದಂತೆ ಮುಂದುವರಿಸಿದಳು:

“ಪಟಗಾ ಇಲ್ಲದ ಕುಂತರೂ ತುಂಬತಿತ್ತಲ್ಲೋ ನನ್ನಪ್ಪಾ…”

“ನನ್ನಪ್ಪಾ…” ಎಂದರು ಮೂವರು, ತುಸು ಅನುಮಾನದಿಂದ.

ಆಮೇಲೆ ನಡೆದದ್ದು ಶುದ್ಧ ಆಶುಕವಿತ್ವ. ಕೈ ಹಿಡಿದು ಮಾತಾಡಿಸುವ ನುಡಿ ಬರಬೇಕಾದಲ್ಲಿ ಮುಂಗಾಲು ಎತ್ತಿ ಅಂಗೈಯಲ್ಲಿಡುವ ನುಡಿ ಬಂತು. ಪಂಚರಲ್ಲಿ ಕುಳಿತು ನ್ಯಾಯ ಹೇಳುವ ಜಾಗಕ್ಕೆ ಕಳ್ಳ ಯಾರು, ಕಳ್ಳರಲ್ಲದವರು ಯಾರು ಎಂದು ಮೂಗಿನಿಂದಲೇ ತೀರ್ಮಾನಿಸುವುದು ಬಂತು. ಹೊಲಕ್ಕೆ ಹೊರಟರೆ ಹಿಂದೆ, ಮನೆಗೆ ಹೊರಟರೆ ಮುಂದೆ; ಉಂಡರೆ ಕಡೆಗೆ, ಎದ್ದರೆ ಮೊದಲಿಗೆ. ಅವನನ್ನು ಎಂದೂ ಕಾಣದವಳು ಅವನನ್ನು ಹಾಡುತ್ತಿದ್ದಳು, ಹದಿಮೂರು ವರ್ಷ ಕಂಡ ನಾನು ಬೆರಗಾಗಿ ಕೇಳುತ್ತಿದ್ದೆ. ಅಳುವುದೋ ನಗುವುದೋ ತಿಳಿಯದೆ ಎರಡನ್ನೂ ಮಾಡಿದೆ.

ಆಗ ಒಂದು ನುಡಿ ಬಂತು. “ನೀರ ಬಂತಂತ ನಾವು ಮ್ಯಾಲ ಹತ್ತಿದ್ವಲ್ಲೋ, ಹಗ್ಗ ಬಿಚ್ಚೋದ ಮರತ್ವಲ್ಲೋ…” ನಮ್ಮ ಮನೆಗೆ ಎಂದೂ ನೀರು ಬಂದಿರಲಿಲ್ಲ, ರಾವಸಾಹೇಬನಿಗೆ ಹಗ್ಗವನ್ನು ತೋರಿಸಿಯೂ ಗೊತ್ತಿರಲಿಲ್ಲ. ಹಾಡಿನ ಭರದಲ್ಲಿ ಏನೋ ಬೆರೆತಿದೆ ಎಂದುಕೊಂಡೆ. ಆದರೆ ಆ ಮೂವರು “ನನ್ನಪ್ಪಾ” ಎನ್ನಲಿಲ್ಲ, ಒಬ್ಬಳು ಅತ್ತಿಯ ಬೆನ್ನ ಮೇಲೆ ಕೈ ಇಟ್ಟಳು. ಹಾಡು ಅಲ್ಲಿಗೆ ನಿಂತಿತು.

ಹೊಲದಲ್ಲಿ ಬನ್ನಿ ಗಿಡದ ಬುಡಕ್ಕೆ ಕುಣಿ ತೋಡಿದೆವು. ಇಷ್ಟರಲ್ಲಿ, ಎಲ್ಲ ಸಾವಿಗೂ ತಪ್ಪದೆ ಬರುವ ಒಬ್ಬ ಹಿರಿಯರು, ತಮ್ಮ ಹುಟ್ಟುಹಬ್ಬಕ್ಕೆ ತಾವೇ ಫ್ಲೆಕ್ಸ್ ಕಟ್ಟಿಸಿಕೊಳ್ಳುವವರು, “ಎಷ್ಟಾದರೂ ನಾಯಿ. ಇದಕ್ಕೆಲ್ಲ ಇಷ್ಟು ಮಾಡಬಾರದು” ಎಂದರು. ನನಗೆ ರೇಗಿತು. ಅವರ ಮನೆಯಿಂದ ಒಂದು ರೊಟ್ಟಿ ಚೂರು ಹೊರಗೆ ಬಿದ್ದದ್ದನ್ನು ಓಣಿಯ ಕಾಗೆಯೂ ಕಂಡಿಲ್ಲ. ತೋಡಿದ ಮಣ್ಣಿನ ಗುಡ್ಡೆಯ ಮೇಲೆ ನಿಂತು ಆತಕೂರಿನ ಶಾಸನದ ಕುರಿತು ಭಾಷಣ ಮಾಡಿದೆ. ಮಂಡ್ಯ ಸೀಮೆಯ ಮದ್ದೂರಿನ ಹತ್ತಿರದ ಊರು, ಶಕ 872, ಅಂದರೆ 949-50. ತಕ್ಕೋಲದ ಯುದ್ಧದಲ್ಲಿ ಚೋಳರನ್ನು ಸೋಲಿಸಿದ ಮೇಲೆ ರಾಷ್ಟ್ರಕೂಟ ಕೃಷ್ಣ ಮೆಚ್ಚಿ ಏನು ಬೇಕು ಕೇಳು ಅಂದಾಗ ಗಂಗರ ಬೂತುಗನ ಬಂಟ ಮಣಲೆರ ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ. ಅರಸನ ಕಾಳಿ ಎಂಬ ನಾಯಿಯನ್ನು ಕೇಳಿದ. ಆ ಕಾಳಿ ದೊಡ್ಡ ಹಂದಿಯ ಮೇಲೆ ಬಿದ್ದು, ನಾಯಿ ಹಂದಿ ಎರಡೂ ಸತ್ತವು. ಗುಡಿಯ ಮುಂದೆ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟು, ಪೂಜೆ ಮಾಡದೆ ಉಂಡರೆ ಗೊರವನಿಗೆ ಪಾಪ ತಟ್ಟಲಿ ಎಂದು ಬರೆಸಿದರು. ಆ ಕಲ್ಲು ಈಗಲೂ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ, ನಾಯಿಯ ಚಿತ್ರದ ಸಮೇತ! ಇದನ್ನೆಲ್ಲ ನಾನು ಕೈ ಎತ್ತಿ ಎತ್ತಿ ಹೇಳಿದೆ. ನಮ್ಮ ಹೊಲದ ಪಾಲಿನ ರೈತ ಸನಿಕೆಗೆ ಒರಗಿಕೊಂಡು, “ಅದಕ್ಕ ಏನ್ರಿ, ಮೈಲಾರದ ವಗ್ಗಯ್ಯಗಳು ನಾಯಿಗತೆ ಬೊಗಳಿ ದೋಣ್ಯಾಗ ಉಣ್ತಾರಲ್ಲ, ದ್ಯಾವರ ನಾಯೀನ ಅವರು” ಎಂದ. ಸಾವಿರ ವರ್ಷದ ಶಾಸನಕ್ಕಿಂತ ಅವನ ಒಂದು ಮಾತಿಗೆ ಹೆಚ್ಚು ಮಂದಿ ಗೋಣು ಹಾಕಿದರು. ಹಿರಿಯರೂ ಹಾಕಿದರು.

“ಭಾಷಣ ಆತಿಲ್ರಿ? ಇನ್ನ ಕೆಳಗ ಇಳೀರಿ, ಮಣ್ಣ ಎಳೀಬೇಕು” ಎಂದಳು ನನ್ನ ಹೆಂಡತಿ.

ಉಪ್ಪು ಹಾಕಿ, ಮಾಲೆಯ ಸಮೇತ ಇಳಿಸಿ ಮಣ್ಣು ಮುಚ್ಚಿದೆವು. ವಿಭೂತಿ ಹಚ್ಚಬೇಕೋ ಬೇಡವೋ ಎಂದು ನಾನು ತರ್ಕಿಸುತ್ತಿರುವಾಗಲೇ ಅತ್ತಿ ಹಚ್ಚಿ ಮುಗಿಸಿದ್ದಳು. ರಾಣಿ ಚೆನ್ನಮ್ಮನ ಸಮಾಧಿ ಇರುವ ಊರು ನಮ್ಮದು. ಕಲ್ಲು ನಿಲ್ಲಿಸಿ ನೆನೆಯುವ ರೂಢಿ ನಮಗೂ ಇದೆ. ನಾನೂ ಒಂದು ಕಲ್ಲು ತಂದು ನೆಟ್ಟೆ. ಮರುವಾರವೇ ಅದನ್ನು ಯಾರೋ ಬೇಲಿಗೆ ಒಯ್ದರು.

ಸಂಜೆ ಅತ್ತಿಯನ್ನು ಬಸ್ ಸ್ಟ್ಯಾಂಡಿಗೆ ಬಿಡಲು ಹೋದೆ. ಉಳಿದ ಮೂವರು ಸೀಟು ಹಿಡಿಯಲು ಮುಂದೆ ಹೋಗಿದ್ದರು. ಪೇಟೆಗೆಲ್ಲ ಕೇಳುವಂತೆ ಬೈಯುತ್ತಾಳೆ ಎಂದುಕೊಂಡಿದ್ದೆ, ಬೈಯಲಿಲ್ಲ. “ನೀರಿನ ನುಡಿ ಎಲ್ಲಿಂದ ಬಂತು ಅತ್ತಿ?” ಎಂದು ಕೇಳಿದೆ.

“ಹತ್ತೊಂಬತ್ತನೇ ಇಸವಿ ಮಳೀಗೆ ಮಲಪ್ರಭಾ ಬಂದಿತ್ತಲ್ಲ,” ಎಂದಳು. 2019ರ ಆಗಸ್ಟು. ನವಿಲುತೀರ್ಥದ ಅಣೆಕಟ್ಟೆಯಿಂದ ನೀರು ಬಿಟ್ಟು, ಹೊಳೆದಂಡೆಯ ಊರುಗಳೆಲ್ಲ ಮುಳುಗಿದ ವರ್ಷ. “ನಡರಾತ್ರಿ ಏಳ್ರಿ ಏಳ್ರಿ ಅಂತ ಎಬ್ಬಿಸಿದ್ರು. ಆಕಳಾ ಬಿಚ್ಚಿದ್ವಿ. ಆಡ ಬಿಚ್ಚಿದ್ವಿ. ಕಾಗದಾ ಪತ್ರಾ ತಗೊಂಡ್ವಿ. ಹಿತ್ತಲದಾಗ ನಾಯಿ ಕಟ್ಟಿದ್ದು ಸಾಲಿಗಿ ಹೋಗಿ ಕುಂತ ಮ್ಯಾಲ ನೆಪ್ಪಾತು. ಎಂಟ ದಿನಕ್ಕ ಬಂದು ನೋಡಿದರ ಗೂಟ ಹಂಗ ಇತ್ತು. ಹಗ್ಗ ಕೆಸರಿನ್ಯಾಗ ಹೋಗಿತ್ತು. ನಾ ಜಗ್ಗಿ ನೋಡಲಿಲ್ಲ.”

ಅವಳು ಅದನ್ನು ಯಾರ ಮುಂದೆಯೂ ಹಾಡಿಕೊಂಡಿರಲಿಲ್ಲ. ಗೋಡೆ ಬಿದ್ದವರು, ಬೆಳೆ ಹೋದವರು ಓಣಿ ತುಂಬ ಇರುವಾಗ ನಾಯಿಗೆ ಅಂತ ಹೆಂಗ ಅಳಬೇಕಿತ್ತು, ಎಂದಳು.

ರಾಮದುರ್ಗದ ಬಸ್ಸು ನೇರವಾಗಿಯೇ ಇತ್ತು. ಅವಳನ್ನು ಹತ್ತಿಸಿ ಕಿಟಕಿಯ ಹತ್ತಿರ ನಿಂತೆ. ಏನಾದರೂ ಮಾತಾಡಬೇಕಲ್ಲ ಎಂದು, “ಅದರ ಹೆಸರ ಏನಿತ್ತು?” ಎಂದು ಕೇಳಿದೆ.

ಅತ್ತಿ ನನ್ನನ್ನು ನೋಡಿದಳು. ಅವಳ ಮುಖದಲ್ಲಿ ಆ ದಿನ ಮೊದಲ ಸಲ ನಗು ಕಂಡಿತು.

“ಬಸ್ಯಾ.”

“ನನ್ನ ಹೆಸರ?”

“ಮತ್ತ? ಎಷ್ಟ ಕರದರೂ ಬರ್ತಿದ್ದಿಲ್ಲ, ಅದಕ್ಕ.”

ಕಂಡಕ್ಟರ್ ಸೀಟಿ ಊದಿದ. ಅತ್ತಿ ಸೆರಗಿನ ಗಂಟು ಬಿಚ್ಚಿ ಆಧಾರ ಕಾರ್ಡು ಹುಡುಕತೊಡಗಿದಳು.