ಆಸ್ಪತ್ರೆ ಮಾಮ

ಹರಿಹರದ ಯಾವ ಓಣಿಗೆ ಹೋದರೂ ಒಬ್ಬ ಆಸ್ಪತ್ರೆ ಮಾಮ ಸಿಗುತ್ತಾನೆ. ಡಾಕ್ಟರಲ್ಲ, ಕಾಂಪೌಂಡರೂ ಅಲ್ಲ. ಯಾರ ಮನೆಯಲ್ಲಿ ಯಾರು ಕೆಮ್ಮಿದರೂ ಮನೆಯವರಿಗಿಂತ ಮೊದಲು ಚಪ್ಪಲಿ ಮೆಟ್ಟುವವನು. "ದಾವಣಗೆರೆಗೆ ಒಂದ್ಸಲ ತೋರಿಸ್ಬೇಕು" ಎಂಬ ಮಾತು ಕಿವಿಗೆ ಬಿದ್ದರೆ ಸಾಕು, "ಬೆಳಿಗ್ಗೆ ಆರೂವರೆಗೆ ಬಸ್‌ಸ್ಟ್ಯಾಂಡಿಗೆ ಬಂದ್ಬಿಡ್ರಿ" ಎಂದು ತೀರ್ಮಾನ ಕೊಟ್ಟೇಬಿಡುತ್ತಾನೆ. ಇರುವುದು ಹದಿನಾಲ್ಕು ಕಿಲೋಮೀಟರು. ತಯಾರಿ ಮಾತ್ರ ಕಾಶಿಯಾತ್ರೆಯದು: ನೀರಿನ ಬಾಟಲಿ, ಟವೆಲ್, ಆಧಾರ್ ಜೆರಾಕ್ಸ್ ಎರಡು ಪ್ರತಿ, ಬಟ್ಟೆ ಅಂಗಡಿಯ ಉದ್ದನೆ ಕ್ಯಾರಿಬ್ಯಾಗಿನಲ್ಲಿ ಹಳೇ ಎಕ್ಸ್‌ರೇಗಳು. ಅವುಗಳಲ್ಲಿ ಒಂದಾದರೂ ಬೇರೆ ಯಾರದೋ ಇರುತ್ತದೆ.

ಮಾಮ ವೈದ್ಯಶಾಸ್ತ್ರ ಕಲಿತದ್ದು ಲೇತಿನ ಮುಂದೆ ನಿಂತು. 1941ರಲ್ಲಿ ಹರಿಹರದಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಈ ಊರಿನ ಎರಡು ತಲೆಮಾರಿಗೆ ಸೈರನ್ ಕೇಳಿ ಏಳುವುದನ್ನು ಕಲಿಸಿತ್ತು. ಅದು ಬಾಗಿಲು ಹಾಕಿದಾಗ ಮಾಮನ ಕೈಯಿಂದ ಮೈಕ್ರೊಮೀಟರ್ ಹೋಯಿತು, ಕಣ್ಣಿನಿಂದ ಹೋಗಲಿಲ್ಲ. ಮಂಡಿನೋವು ಅಂದರೆ "ಬೇರಿಂಗ್ ಸವೆದೈತಿ". ತಲೆಸುತ್ತು ಅಂದರೆ "ಅಲೈನ್‌ಮೆಂಟ್ ಔಟು". ಹೊಟ್ಟೆಯುಬ್ಬರ ಅಂದರೆ "ಎಲ್ಲೋ ವಾಲ್ವ್ ಲೀಕು". ತಮಾಷೆಯೆಂದರೆ ಮೂಳೆ ಡಾಕ್ಟರು ಕೂಡ ಹೆಚ್ಚುಕಡಿಮೆ ಅದನ್ನೇ ಹೇಳುತ್ತಾರೆ, ಫೀಸು ತಗೊಂಡು.

ಹೊರಗಿನವರಿಗೆ ದಾವಣಗೆರೆ ಬೆಣ್ಣೆದೋಸೆಯ ಊರು. ಹಿರಿಯರಿಗೆ ಹತ್ತಿ ಗಿರಣಿಗಳ ಊರು. ಮಾಮನ ನಕಾಶೆಯಲ್ಲಿ ಇರುವುದು ಆಸ್ಪತ್ರೆಗಳಷ್ಟೇ. ಬಾಪೂಜಿ ವಿದ್ಯಾಸಂಸ್ಥೆ 1965ರಲ್ಲಿ ಜೆ.ಜೆ.ಎಂ. ಮೆಡಿಕಲ್ ಕಾಲೇಜು ತೆರೆದಾಗಿನಿಂದ ಊರಿನಲ್ಲಿ ಡಾಕ್ಟರುಗಳ ಸುಗ್ಗಿ, 2006ರಲ್ಲಿ ಎಸ್.ಎಸ್. ಮೆಡಿಕಲ್ ಕಾಲೇಜೂ ಬಂದು ಸುಗ್ಗಿ ಎರಡು ಬೆಳೆಯಾಯಿತು. ಚಿಗಟೇರಿ ಜಿಲ್ಲಾಸ್ಪತ್ರೆಯನ್ನು ಅವನು ಊರವರಂತೆ 'ಸಿ.ಜಿ. ಆಸ್ಪತ್ರೆ' ಎಂದೇ ಕರೆಯುವುದು. ಪಿ.ಜೆ. ಬಡಾವಣೆಯ ಬೋರ್ಡುಗಳನ್ನು ಅವನು ಪಂಚಾಂಗದಂತೆ ಓದುತ್ತಾನೆ. 2024ರಲ್ಲಿ ಸರ್ಕಾರ ಖಾಸಗಿ ಕ್ಲಿನಿಕ್ಕುಗಳ ಬೋರ್ಡಿಗೆ ಅಲೋಪತಿಗೆ ನೀಲಿ, ಆಯುರ್ವೇದಕ್ಕೆ ಹಸಿರು ಎಂದು ಬಣ್ಣ ಗೊತ್ತುಮಾಡಿದ ಸುದ್ದಿ ಓಣಿಗೆ ಮೊದಲು ಮುಟ್ಟಿಸಿದವನೂ ಅವನೇ. ಗುರುವಾರ ಮಕ್ಕಳ ಚುಚ್ಚುಮದ್ದು, ಪ್ರತಿ ತಿಂಗಳು 9ನೇ ತಾರೀಖು ಸರ್ಕಾರಿ ಆಸ್ಪತ್ರೆಯಲ್ಲಿ ಬಸುರಿಯರ ತಪಾಸಣೆ. ಇವೆಲ್ಲ ಅವನಿಗೆ ಏಕಾದಶಿ, ಅಮಾವಾಸ್ಯೆಯಷ್ಟೇ ಬಾಯಿಪಾಠ.

ಆಯುಷ್ಮಾನ್ ಕಾರ್ಡಿನ ವಿಷಯ ಬಂದರಂತೂ ಸಾಕ್ಷಾತ್ ವಕೀಲ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇಕಡಾ 30, ಅದೂ ಒಂದೂವರೆ ಲಕ್ಷದೊಳಗೆ. ಇಷ್ಟನ್ನು ಒಂದೇ ಉಸಿರಿಗೆ ಒಪ್ಪಿಸಿ, "ಕೋಡ್ ನೋಡ್ಬೇಕ್ರೀ, 2ಎ ಬ್ಯಾರೆ, 3ಎ ಬ್ಯಾರೆ, 4ಎ ಅಂದ್ರೆ ಎಮರ್ಜೆನ್ಸಿ" ಎಂದು ಮುಗಿಸುತ್ತಾನೆ. ಕೇಳುತ್ತಿದ್ದವರ ಮುಖ ಸಣ್ಣಗಾಗುತ್ತದೆ. "ಮಾಮ, ನಾವು 3ಬಿ. ನಮಗೆ ಬರಂಗಿಲ್ವಾ?" ಮೀಸಲಾತಿ ಪಟ್ಟಿಗೂ ಆಪರೇಷನ್ ಪಟ್ಟಿಗೂ ಒಂದೇ ಥರದ ಅಕ್ಷರ ಅಂಟಿಸಿದ ಪುಣ್ಯಾತ್ಮ ಯಾರೋ!

ಈಗ ಒಂದು ದಿನದ ಪಾಡು ನೋಡೋಣ. ರೋಗಿ ಓಣಿಯ ದೊಡ್ಡವ್ವ. ಮಂಡಿನೋವು, ಜೊತೆಗೆ ಸಕ್ಕರೆ ಇದ್ದರೂ ಇರಬಹುದೆಂಬ ಅನುಮಾನ. ಕ್ಲಿನಿಕ್ಕಿನ ಬಾಗಿಲು ಇನ್ನೂ ತೆಗೆದಿಲ್ಲ, ಮೆಟ್ಟಿಲ ಮೇಲಾಗಲೇ ಒಂಬತ್ತು ಜನ. ಕಾಂಪೌಂಡರ್ ಬಂದು ಹಳೇ ಡೈರಿಯಲ್ಲಿ ಹೆಸರು ಬರೆದುಕೊಳ್ಳುತ್ತಾನೆ. ಮಾಮನಿಗೆ ಸಿಕ್ಕ ನಂಬರು ಹದಿನಾರು. ಮುಂದಿನ ಒಂಬತ್ತು ಜನ ಹದಿನೈದಾದದ್ದು ಹೇಗೆಂದು ಕೇಳಿದರೆ "ಫೋನ್ ಬುಕಿಂಗ್ ರೀ" ಎಂಬ ಉತ್ತರ.

ಮೊದಲು ಖಾಲಿ ಹೊಟ್ಟೆಯ ರಕ್ತ ಕೊಟ್ಟಾಯಿತು. ತಿಂದ ಎರಡು ಗಂಟೆಗೆ ಇನ್ನೊಮ್ಮೆ. ಲ್ಯಾಬಿನ ಹುಡುಗಿ "ದಿನಾ ತಿನ್ನೋದನ್ನೇ ತಿಂದು ಬರ್ರಿ" ಎಂದಳು. ದೊಡ್ಡವ್ವ ದಿನಾ ತಿನ್ನುವುದು ರೊಟ್ಟಿ. ದಾವಣಗೆರೆಗೆ ಬಂದು ರೊಟ್ಟಿ ಹುಡುಕುವುದುಂಟೇ? ಮಾಮ ಕರೆದೊಯ್ದ ಹೋಟೆಲಿನಲ್ಲಿ ಸೌದೆ ಒಲೆಯ ಮೇಲೆ ಕಾವಲಿ. ಹಿಟ್ಟು ಹುಯ್ದಾಗ ಚುಂಯ್, ಬೆಣ್ಣೆ ಬಿದ್ದಾಗ ಇನ್ನೊಂದು ಚುಂಯ್. ಅಂಚು ಕೆಂಪಗಾಗಿ ತಾನಾಗೇ ಮೇಲೆದ್ದ ದೋಸೆಯನ್ನು ಮಡಚಿ, ಬಿಳಿ ಆಲೂಗಡ್ಡೆ ಪಲ್ಯ, ಕಾಯಿ ಚಟ್ನಿಯ ಜೊತೆ ತಂದಿಟ್ಟರು. ಅದರ ತಲೆಯ ಮೇಲೆ ಬೆಣ್ಣೆಯ ಇನ್ನೊಂದು ಉಂಡೆ, ಕರಗಲೋ ಬೇಡವೋ ಎಂದು ಯೋಚಿಸುತ್ತಾ. ದೊಡ್ಡವ್ವ ಎರಡು ತಿಂದಳು. ಮಾಮ ಮೂರು ತಿಂದ. ಅವನ ರಕ್ತ ಯಾರೂ ತೆಗೆಯುವುದಿಲ್ಲವಲ್ಲ.

ಎರಡನೇ ರಿಪೋರ್ಟು ನೋಡಿ ಮಾಮ ಧೈರ್ಯ ಹೇಳಿದ: "ಇದು ನಿನ್ನ ಸಕ್ಕರೆ ಅಲ್ಲ ದೊಡ್ಡವ್ವ, ದೋಸೆದು." ಆದರೆ ಡಾಕ್ಟರು ಕಳೆದ ಸಲವೇ ಎಚ್‌ಬಿಎ1ಸಿ ಎಂಬ ಇನ್ನೊಂದನ್ನೂ ಬರೆದಿದ್ದರು. ಸುಮಾರು ಮೂರು ತಿಂಗಳ ಸರಾಸರಿ ಹೇಳುವ ಪರೀಕ್ಷೆ ಅದು, ಒಂದು ಬೆಳಗಿನ ದೋಸೆಗೆ ಜಗ್ಗುವಂಥದ್ದಲ್ಲ. ಅದೂ ಜಾಸ್ತಿಯೇ ಬಂತು. ಮಾಮ ರಿಪೋರ್ಟನ್ನು ಮಡಚಿ ಕ್ಯಾರಿಬ್ಯಾಗಿನ ತಳಕ್ಕೆ ತುರುಕಿದ.

ಹದಿನೈದನೇ ನಂಬರು ಹೊರಬರುತ್ತಲೇ ಟೈ ಕಟ್ಟಿದ ಮೂವರು ಔಷಧ ಕಂಪನಿಯ ರೆಪ್‌ಗಳು ಒಳಗೆ ನುಗ್ಗಿದರು. ಅವರಾದ ಮೇಲೆ ಹದಿನಾರು.

"ಏನಮ್ಮ ತೊಂದ್ರೆ?" ಡಾಕ್ಟರು ಕೇಳಿದರು.

"ಎರಡು ವರ್ಷದಿಂದ ಎಡಗಡೆ ಮಂಡಿ ಸಾರ್, ಮೆಟ್ಟಿಲು ಇಳಿವಾಗ ಕಟಕಟ ಅಂತೈತಿ, ಲೂಬ್ರಿಕೇಷನ್ ಕಡಿಮೆ ಆಗಿರ್ಬೇಕು" ಎಂದ ಮಾಮ.

"ನಿಮಗಾ, ಅವರಿಗಾ?"

ಡಾಕ್ಟರು ಸ್ಟೆತಾಸ್ಕೋಪನ್ನು ದೊಡ್ಡವ್ವನ ಬೆನ್ನಿಗಿಟ್ಟು "ಜೋರಾಗಿ ಉಸಿರು ಎಳ್ಕೊಳ್ರಿ" ಎಂದರು. ಇಬ್ಬರೂ ಎಳೆದುಕೊಂಡರು. "ಬಿಡ್ರಿ" ಎಂದಾಗ ದೊಡ್ಡವ್ವ ಬಿಟ್ಟಳು. ಮಾಮ, ಡಾಕ್ಟರು ಇನ್ನೇನು ಹೇಳುತ್ತಾರೋ ಎಂದು ಸ್ವಲ್ಪ ಹೊತ್ತು ಹಾಗೇ ಹಿಡಿದಿದ್ದ.

ಮಾಮನ ನಿಜವಾದ ಕೆಲಸ ಶುರುವಾಗುವುದು ಔಷಧಿ ಅಂಗಡಿಯ ಮುಂದೆ. ಕಳೆದ ಸಲ ಅವನಿಲ್ಲದೆ ಬಂದಿದ್ದ ದೊಡ್ಡವ್ವನಿಗೆ ಅಂಗಡಿಯ ಹುಡುಗ ಚೀಟಿ ನೋಡಿ "ಇದು ಬಿಡಿ, ಅಜ್ಜಿ" ಎಂದಿದ್ದ. ವೈದ್ಯರ ಸಂಕೇತದಲ್ಲಿ ಅದು ದಿನಕ್ಕೆರಡು ಸಲ. ದೊಡ್ಡವ್ವ ಅಚ್ಚ ಕನ್ನಡತಿ. ಬಿಡಿ ಎಂದರು, ಬಿಟ್ಟಳು. ತಿಂಗಳು ಕಳೆದು ಮಾತ್ರೆ ಹಾಗೇ ಇರುವುದನ್ನು ಪತ್ತೆ ಮಾಡಿದವನು ಮಾಮ. ಸರ್ಕಾರಿ ವೈದ್ಯರು ಔಷಧಿ ಚೀಟಿಯನ್ನು ಕನ್ನಡದಲ್ಲೇ ಬರೆಯಲಿ ಎಂದು ಕನ್ನಡ ಅಭಿವೃದ್ಧಿ ಪ್ರಾಧಿಕಾರದ ಅಧ್ಯಕ್ಷ ಪುರುಷೋತ್ತಮ ಬಿಳಿಮಲೆ 2024ರಲ್ಲಿ ಆರೋಗ್ಯ ಸಚಿವರಿಗೆ ಪತ್ರ ಬರೆದಾಗ ಭಾಷಾಭಿಮಾನಿಗಳು ಚಪ್ಪಾಳೆ ತಟ್ಟಿದರು. ಮಾಮನಿಗೆ ಮಾತ್ರ ಒಳಗೊಳಗೇ ತನ್ನ ಕೆಲಸಕ್ಕೆ ಕುತ್ತು ಬಂತೆನ್ನಿಸಿರಬೇಕು. ಈಗಲೂ ಅವನು ಪ್ರತಿ ಮಾತ್ರೆ ಪಟ್ಟಿಯ ಹಿಂದೆ ಬಾಲ್‌ಪೆನ್ನಿನಿಂದ ಸೂರ್ಯ ಬರೆದರೆ ಬೆಳಿಗ್ಗೆ, ಚಂದ್ರ ಬರೆದರೆ ರಾತ್ರಿ. ಊಟವಾದ ಮೇಲಿನದಕ್ಕೆ ಒಂದು ತಟ್ಟೆ. ಆ ತಟ್ಟೆಯನ್ನು ದೊಡ್ಡವ್ವ ಹುಣ್ಣಿಮೆ ಎಂದುಕೊಂಡದ್ದೂ ಉಂಟು.

ಸಂಜೆಯ ಹರಿಹರ ಬಸ್ಸು. ಕಿಟಕಿ ಪಕ್ಕ ದೊಡ್ಡವ್ವ ಮಂಡಕ್ಕಿ ಪೊಟ್ಟಣ ಅಪ್ಪಿಕೊಂಡು ತೂಕಡಿಸುತ್ತಿದ್ದಾಳೆ. ಮಾಮ ಹೊಸ ಎಕ್ಸ್‌ರೇ ತೆಗೆದು ಬಸ್ಸಿನ ದೀಪಕ್ಕೆ ಹಿಡಿದು, ಒಂದು ಕಣ್ಣು ಮುಚ್ಚಿ ಎರಡು ಮೂಳೆಯ ನಡುವಿನ ಸಂದನ್ನು ಅಳೆಯುತ್ತಿದ್ದಾನೆ. "ಕ್ಲಿಯರೆನ್ಸ್ ಸಾಲ್ದು" ಎಂದು ಗೊಣಗುತ್ತಾನೆ.

ಹಿಂದಿನ ಸೀಟಿನಿಂದ ಒಬ್ಬರು ಬಗ್ಗಿ ಕೇಳಿದರು: "ಡಾಕ್ಟ್ರೇನ್ರೀ ತಾವು?"

"ಅಲ್ಲ. ಯಾಕ್ರೀ?"

"ಏನಿಲ್ಲ, ನಮ್ಮನೆಯವರಿಗೂ ಒಂದ್ ತಿಂಗ್ಳಿಂದ ಸೊಂಟ..."

ಮಾಮ ಎಕ್ಸ್‌ರೇ ಒಳಗಿಟ್ಟು, ಪೂರ್ತಿ ಹಿಂದಕ್ಕೆ ತಿರುಗಿ ಕೂತ. "ನಾಳೆ ಆರೂವರೆ ಬಸ್ಸಿಗೆ ಕರ್ಕೊಂಡ್ ಬರ್ರಿ. ಏನೂ ತಿನ್ನಿಸ್ಬ್ಯಾಡ್ರಿ, ಖಾಲಿ ಹೊಟ್ಟೇಲಿ ಬರ್ಲಿ."