ವಾರ್ನಿಷ್ ಎಂಬ ವೈರಿ

ಮರದ ಹಳೆಯ ಉಪಕರಣಗಳಿಗೆ ಗೆದ್ದಲಿಗಿಂತ ದೊಡ್ಡ ಶತ್ರು ವಾರ್ನಿಷ್ ಡಬ್ಬಿ ಎಂಬುದು ನನ್ನ ವಾದ. ಗೆದ್ದಲು ತಿನ್ನುವುದು ಹೊಟ್ಟೆಪಾಡಿಗೆ. ವಾರ್ನಿಷ್ ಬಳಿಯುವವರಿಗೆ ಆ ನೆಪವೂ ಇಲ್ಲ, ಬರೀ ಅಭಿಮಾನ. ಅಟ್ಟದಲ್ಲಿದ್ದ ಉಜ್ಜುಗೊರಡು ಕೆಳಗಿಳಿದು, ಉಪ್ಪುಕಾಗದದಿಂದ ಮೈ ತಿಕ್ಕಿಸಿಕೊಂಡು, ಮಿರಮಿರ ಮಿಂಚುತ್ತ ಟೀವಿ ಪಕ್ಕದ ಶೋಕೇಸು ಸೇರುತ್ತದೆ. ಅಲ್ಲಿ ಅದರ ಕೆಲಸ ಧೂಳು ಹಿಡಿಯುವುದು. ಅದನ್ನು ಅಟ್ಟದಲ್ಲೇ ಚೆನ್ನಾಗಿ ಮಾಡಿಕೊಂಡಿತ್ತಲ್ಲ! ಉಪಕರಣಕ್ಕೆ ಮರುಜೀವ ಬಂತು ಎನ್ನಬೇಕಾದರೆ ಅದರ ಬಾಯಿಂದ ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಿನ ಮರದ ಸುರುಳಿ ಹೊರಬೀಳಬೇಕು.

ದುಡಿಮೆಗೆ ಬೇಕಾದ ರಿಪೇರಿಯೇ ಬೇರೆ. ವಾರ್ನಿಷ್ ಮರದ ಮೇಲೆ ಪೊರೆಯಾಗಿ ಕೂರುತ್ತದೆ. ಬೆವರಿದ ಅಂಗೈಗೆ ಆ ನುಣುಪು ಜಾರುತ್ತದೆ. ಅಗಸೆ ಎಣ್ಣೆ ಮರದೊಳಕ್ಕೆ ಇಳಿದು, ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗುತ್ತದೆ. ಮನೆಯಲ್ಲಿದೆಯೆಂದು ಕೊಬ್ಬರಿ ಎಣ್ಣೆ ಬಳಿದರೆ ಅದು ಒಣಗುವುದೇ ಇಲ್ಲ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮಾತ್ರ ಮುದ್ದೆ ಮಾಡಿ ಎಸೆಯಬಾರದು; ಒಳಗೇ ಬಿಸಿಯೇರಿ ತಾನಾಗಿ ಹೊತ್ತಿಕೊಳ್ಳಬಹುದು. ಸಡಿಲವಾದ ಕೊಡಲಿಯನ್ನು ಬಕೆಟ್ ನೀರಿನಲ್ಲಿ ಅದ್ದುವುದೂ ನಮ್ಮಲ್ಲಿ ಜನಪ್ರಿಯ ಚಿಕಿತ್ಸೆ. ನೀರು ಕುಡಿದ ಮರ ಉಬ್ಬುತ್ತದೆ, ಸುತ್ತಲಿನ ಕಬ್ಬಿಣ ಜಗ್ಗುವುದಿಲ್ಲ; ನಾರುಗಳು ತಾವೇ ಅಪ್ಪಚ್ಚಿಯಾಗುತ್ತವೆ. ಒಣಗಿದ ಮೇಲೆ ಕಾವು ಮೊದಲಿಗಿಂತ ಸಣ್ಣದು, ಕೊಡಲಿ ಮೊದಲಿಗಿಂತ ಸಡಿಲ. ಅದಕ್ಕೆ ಬೇಕಾದದ್ದು ಸ್ನಾನವಲ್ಲ, ಒಂದು ಒಣ ಬೆಣೆ.

ಕರೆಂಟಿನ ಯಂತ್ರ ಇರುವಾಗ ಇದೆಲ್ಲ ಯಾಕೆ ಎನ್ನುವವರಿದ್ದಾರೆ. ಹತ್ತು ಬಾಗಿಲು ಕೀಸುವವರಿಗೆ ಯಂತ್ರವೇ ಸರಿ. ಮಳೆಗಾಲಕ್ಕೆ ಉಬ್ಬಿ ಹಟ ಹಿಡಿದ ಒಂದೇ ಬಾಗಿಲಾದರೆ, ಎಕ್ಸ್‌ಟೆನ್ಷನ್ ವಯರು ಹುಡುಕುವಷ್ಟರಲ್ಲಿ ಉಜ್ಜುಗೊರಡು ಕೆಲಸ ಮುಗಿಸಿರುತ್ತದೆ. ಕಾವು ಬದಲಾಯಿಸಿದರೆ ಅಜ್ಜನ ಕೊಡಲಿ ಅಜ್ಜನದಾಗಿ ಉಳಿಯುತ್ತದೆಯೇ ಎಂಬುದು ಭಾವುಕರ ತಕರಾರು. ಬೆಣೆ ಹೊಡೆದು ಕೂರಿಸಿದ ಕಾವನ್ನು ಮುಂದೊಂದು ದಿನ ತೆಗೆಯಲೂಬಹುದು. ಅಜ್ಜನೂ ನಾಲ್ಕಾರು ಸಲ ಬದಲಾಯಿಸಿಯೇ ಇದ್ದಾನು. ಅಪರೂಪದ ಕೆತ್ತನೆಯ ಉಪಕರಣಗಳು ಮ್ಯೂಸಿಯಮ್ಮಿನಲ್ಲಿ ಇದ್ದಂತೆಯೇ ಇರಲಿ, ಒಪ್ಪುತ್ತೇನೆ. ಅಲ್ಲಿಯೂ ವಾರ್ನಿಷ್ ಬೇಡ. ಉಳಿದವು ದುಡಿಯಲಿ. ಕೊಡಲಿ ಕಾವು ಕುಲಕ್ಕೆ ಮೃತ್ಯು ಎಂದು ಹಿರಿಯರು ಬೈದದ್ದು ಕೂಡ ಅದು ಕೆಲಸ ಮಾಡುತ್ತಿತ್ತೆಂದೇ. ಶೋಕೇಸಿನಲ್ಲಿ ಮಿಂಚುವ ಕಾವನ್ನು ಬೈಯುವುದಕ್ಕೆ ಯಾವ ಗಾದೆಯೂ ಹುಟ್ಟಲಾರದು.