ಹೆಸರು ಬ್ಯಾಡ, ಅಳತಿ ಹೇಳ್ರಿ

ನಮ್ಮ ಮನೆಯ ಗರಗಸದ ಎಂಜಿನ್ ನನ್ನ ಬೈಕಿನ ಎಂಜಿನ್‌ಗಿಂತ ದೊಡ್ಡದು. ಬೈಕು ಸ್ಪ್ಲೆಂಡರ್, 97.2 ಸಿಸಿ. ಗರಗಸ ಸ್ಟಿಲ್ 070, ಬರೋಬ್ಬರಿ 106 ಸಿಸಿ. ಬರೀ ಬೈಕಿನಲ್ಲಿ ಧಾರವಾಡದಿಂದ ಹುಬ್ಬಳ್ಳಿಗೆ ಹೊರಟರೆ ನನ್ನನ್ನು ಯಾರೂ ತಿರುಗಿ ನೋಡುವುದಿಲ್ಲ. ಅದೇ ಬೈಕಿನ ಹಿಂದೆ ಗರಗಸ ಕಟ್ಟಿಕೊಂಡು ಹೊರಟರೆ, ತನಗಾಗಿಯೇ ಬೇರೆ ದಾರಿ ಮಾಡಿಸಿಕೊಂಡ ಚಿಗರಿ ಬಸ್ಸಿನ ಡ್ರೈವರ್ ಕೂಡ ಬ್ರೇಕಿನ ಮೇಲೆ ಕಾಲಿಡುತ್ತಾನೆ.

ಈ ಗರಗಸ ನಮ್ಮ ಮಾಮಾನ ಆಸ್ತಿ. ಮಾಮಾ ಅಳ್ನಾವರದವನು. ಅಳ್ನಾವರ ಅಂದರೆ ದಾಂಡೇಲಿ ಕಾಡಿನ ತಲಬಾಗಿಲು. ಕಟ್ಟಿಗೆ ಸಾಗಿಸಲೆಂದೇ ಅಲ್ಲಿಂದ ದಾಂಡೇಲಿಗೆ ಬ್ರಿಟಿಷರ ಕಾಲದಲ್ಲಿ ರೈಲು ಹಳಿ ಬಿದ್ದಿತ್ತು. ಮಾಮಾ ಕಟ್ಟಿಗೆ ಗುತ್ತಿಗೆ ಹಿಡಿಯುತ್ತಿದ್ದ. ಈ ಮಷಿನ್ ಹೆಗಲ ಮೇಲಿಟ್ಟುಕೊಂಡು ನಡೆದರೆ ಊರಲ್ಲಿ ತಹಶೀಲ್ದಾರರಿಗಿಂತ ಒಂದು ಗುಲಗಂಜಿ ಹೆಚ್ಚು ಮರ್ಯಾದೆ. ನಡುಕ ತಡೆಯುವ ರಬ್ಬರ್ ಇಲ್ಲ, ಚೈನ್ ಬ್ರೇಕ್ ಇಲ್ಲ, ಹತ್ತು ಕಿಲೋ ಮೀರಿದ ಭಾರ. ಸಂಜೆ ಮಾಮಾ ಚಹಾದ ಕಪ್ಪು-ಬಶಿ ಕೈಗೆತ್ತಿಕೊಂಡರೆ ಎರಡೂ ತಮ್ಮತಮ್ಮೊಳಗೆ ಮಾತಾಡುತ್ತಿದ್ದವು. 1996ರ ಡಿಸೆಂಬರ್ 12ರಂದು ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆದೇಶ ಹೊರಡಿಸಿ ಕಾಡಿನೊಳಗಿನ ಕೊಡಲಿ, ಗರಗಸ, ಸಾಮಿಲ್ಲುಗಳಿಗೆಲ್ಲ ಲಗಾಮು ಹಾಕಿತು. ಮರ ಉಳಿದವು, ಮಾಮಾನ ದಂಧೆ ಉಳಿಯಲಿಲ್ಲ.

ಮಾಮಾ ತೀರಿಕೊಂಡ ಮೇಲೆ ಹೊಲ, ಮನೆ ಮಕ್ಕಳ ಪಾಲಾದವು. ಗರಗಸವನ್ನು ಅತ್ತಿ ನನ್ನತ್ತ ಸರಿಸಿದಳು. ‘ಒಯ್ಯೋ ತಮ್ಮಾ, ಉಪಯೋಗಕ್ಕ ಬರದಿದ್ದು ನಿನಗ ಭಾಳ ಸೇರತಾವ.’ ನಾನು ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತೇನೆ ಎಂಬುದನ್ನು ಆಕೆ ಹೀಗೆ ನೆನಪಿಸಿದಳು.

ಇತಿಹಾಸದ ಮಾತು ಬಂದಿತು. ಚೈನ್ ಗರಗಸ ಮೊದಲು ಹುಟ್ಟಿದ್ದು ಮರಕ್ಕಲ್ಲ, ಮನುಷ್ಯನಿಗೆ. 1780ರ ದಶಕದಲ್ಲಿ ಸ್ಕಾಟ್ಲೆಂಡಿನ ಜಾನ್ ಏಟ್ಕನ್ ಮತ್ತು ಜೇಮ್ಸ್ ಜೆಫ್ರಿ ಎಂಬ ವೈದ್ಯರು ಎಲುಬು ಕೊಯ್ಯಲು ಹಲ್ಲಿನ ಸರಪಳಿಯೊಂದನ್ನು ಬಳಕೆಗೆ ತಂದರು. ಹೆರಿಗೆ ಕಷ್ಟವಾದಾಗಲೂ ಅದನ್ನು ಬಳಸುತ್ತಿದ್ದರಂತೆ. ಇದನ್ನು ಹೆಂಡತಿಗೆ ಊಟದ ಹೊತ್ತಿನಲ್ಲಿ ಹೇಳಿದ್ದರಿಂದ ಗರಗಸಕ್ಕೆ ಅಂದಿನಿಂದ ಪಡಸಾಲೆ ಪ್ರವೇಶ ಬಂದಾಯಿತು. ಮರದ ಕೆಲಸಕ್ಕೆ ಅದನ್ನು ತಿರುಗಿಸಿದವರಲ್ಲಿ ಜರ್ಮನಿಯ ಆಂದ್ರೆಯಾಸ್ ಸ್ಟಿಲ್ ದೊಡ್ಡ ಹೆಸರು. 1926ರಲ್ಲಿ ಕರೆಂಟಿನದು, 1929ರಲ್ಲಿ ಪೆಟ್ರೋಲಿನದು ಮಾಡಿದ. ಆಗ ಅದನ್ನು ಎತ್ತಲು ಇಬ್ಬರು ಬೇಕಾಗಿತ್ತು. ಹಲ್ಲಿನ ಕಥೆ ಇನ್ನೂ ಸೊಗಸು. 1946ರಲ್ಲಿ ಅಮೆರಿಕದ ಆರೆಗಾನ್ ಸೀಮೆಯ ಜೋ ಕಾಕ್ಸ್ ಎಂಬ ಮರ ಕಡಿಯುವವನು ಕಟ್ಟಿಗೆ ತಿನ್ನುವ ಹುಳವೊಂದು ದವಡೆಯನ್ನು ಎಡಕ್ಕೂ ಬಲಕ್ಕೂ ಆಡಿಸುತ್ತ ಮರದೊಳಗೆ ಇಳಿಯುವುದನ್ನು ನೋಡುತ್ತ ಕೂತ. ಮರುವರ್ಷ ಅದೇ ತಂತ್ರದ ಚೈನ್ ಮಾರಲು ಕಂಪನಿ ತೆರೆದ. ಇವತ್ತಿಗೂ ಚೈನಿನ ಹಲ್ಲು ಒಂದು ಎಡಕ್ಕೆ, ಒಂದು ಬಲಕ್ಕೆ. ನಮ್ಮ ಮನೆಯ ಬಾಗಿಲ ಚೌಕಟ್ಟನ್ನು ಅಂಥದೇ ಹುಳು ವರ್ಷಗಟ್ಟಲೆ ತಿಂದರೂ ನಮ್ಮ ಮನೆತನದಲ್ಲಿ ಯಾರಿಗೂ ಏನೂ ಹೊಳೆಯಲಿಲ್ಲ.

ಗರಗಸಕ್ಕೆ ಮೂರು ರೋಗ ಇದ್ದವು. ಕಿಡಿ ಬರುತ್ತಿರಲಿಲ್ಲ, ಪೆಟ್ರೋಲ್ ಏರುತ್ತಿರಲಿಲ್ಲ, ಏರಿದರೂ ಒತ್ತಡ ನಿಲ್ಲುತ್ತಿರಲಿಲ್ಲ. ಕಂಡೆನ್ಸರ್, ಕಾರ್ಬೋರೇಟರಿನ ಡಯಾಫ್ರಾಮ್, ಪಿಸ್ಟನ್ ರಿಂಗ್ ಇಷ್ಟು ಬೇಕು.

ಮೊದಲು ಒಬ್ಬ ಡೀಲರ್ ಹತ್ತಿರ ಹೋದೆ. ಗಾಜಿನ ಬಾಗಿಲು, ಎ.ಸಿ., ಟೈ ಕಟ್ಟಿದ ಹುಡುಗ. ‘ಪಾರ್ಟ್ ನಂಬರ್ ಹೇಳಿ ಸರ್’ ಅಂದ. ರಿಂಗ್ ತೋರಿಸಿದೆ. ರಿಂಗಿನ ಕಡೆ ನೋಡಲೂ ಇಲ್ಲ. ‘ನಂಬರ್ ಇಲ್ಲದಿದ್ದರೆ ಸಿಸ್ಟಮ್ ತಗೊಳ್ಳಲ್ಲ ಸರ್.’ ಕೊನೆಗೆ ಮಾಡೆಲ್ ಹೆಸರು ಒತ್ತಿದ. ಪರದೆ ನೋಡಿ ಸಂತಾಪ ಸೂಚಕ ಮುಖ ಮಾಡಿದ. ‘ಇದು ಈಗ ಬರ್ತಿಲ್ಲ ಸರ್. ಹೊಸದು ತಗೊಳ್ಳಿ, ಇ.ಎಂ.ಐ. ಇದೆ.’ ಧಾರವಾಡದ ಕೃಷಿ ಮೇಳದಲ್ಲಿ ಕೇಳಿದಾಗಲೂ ಇದೇ ಉಪದೇಶ. ಧಾರವಾಡದ ಸ್ನೇಹಿತರನ್ನು ಕೇಳಿದರೆ ಚಹಾ ಸಿಕ್ಕಿತು, ಹಳೆಯ ದಾಂಡೇಲಿಯ ಬಗ್ಗೆ ಒಳ್ಳೆಯ ಹರಟೆ ಸಿಕ್ಕಿತು, ಒಬ್ಬರು ಆ ಕುರಿತು ಕವಿತೆಯನ್ನೂ ಓದಿದರು. ಸಾಮಾನು ಮಾತ್ರ ಸಿಗಲಿಲ್ಲ.

ಸಾಮಾನು ಬೇಕೆಂದರೆ ಹುಬ್ಬಳ್ಳಿಗೇ ಹೋಗಬೇಕು. 1885ರಲ್ಲಿ ರೈಲ್ವೆ ವರ್ಕ್‌ಶಾಪ್ ಆದಾಗಿನಿಂದ ಆ ಊರಿಗೆ ಕಬ್ಬಿಣದ ಹುಚ್ಚು. ಅಜ್ಜ ಫಿಟ್ಟರ್, ಅಪ್ಪ ಟರ್ನರ್, ಮಗ ಗ್ಯಾರೇಜ್ ಇಂಥ ಮನೆಗಳು ಅಲ್ಲಿ ಓಣಿಗೆ ಎರಡು. ನನಗೆ ಸಿಕ್ಕ ಮಿಸ್ತ್ರಿಯದು ಹಳೇ ಹುಬ್ಬಳ್ಳಿಯ ಸಂದಿಯೊಂದರಲ್ಲಿ ತಗಡಿನ ಶೆಡ್ಡು. ಒಳಗೆ ಹರಿಹರದ ಮೈಸೂರು ಕಿರ್ಲೋಸ್ಕರ್ ಲೇಥು. ಅದನ್ನು ಹೆತ್ತ ಕಾರ್ಖಾನೆ ಬಾಗಿಲು ಹಾಕಿ ಎಷ್ಟೋ ಕಾಲವಾಯಿತು. ಲೇಥಿಗೆ ಆ ಸುದ್ದಿಯನ್ನು ಯಾರೂ ಮುಟ್ಟಿಸಿರಲಿಲ್ಲ.

‘ಇದು ಸ್ಟಿಲ್ 070, 1960ರ ದಶಕದ ಕೊನೆಗೆ ಬಂದ ಮಾಡೆಲ್...’ ಎಂದು ನಾನು ಪೀಠಿಕೆ ಹಾಕಿದೆ.

‘ಹೆಸರು ಬ್ಯಾಡ್ರಿ ಸರ, ಅಳತಿ ಹೇಳ್ರಿ’ ಅಂದ ಮಿಸ್ತ್ರಿ.

ಆ ಒಂದು ಮಾತಿನಲ್ಲಿ ನನಗೆ ಇಡೀ ಹುಬ್ಬಳ್ಳಿ ಅರ್ಥವಾಯಿತು. ಡೀಲರ್ ಜಾತಕ ಕೂಡಿಸಿ ಲಗ್ನ ಮಾಡಿಸುವವನು. ಗೋತ್ರ, ನಕ್ಷತ್ರ, ನಂಬರು ಕೂಡದಿದ್ದರೆ ಎದ್ದು ನಡೆಯುತ್ತಾನೆ. ಮಿಸ್ತ್ರಿ ಗಂಡು-ಹೆಣ್ಣನ್ನು ಎದುರಾಬದುರು ನಿಲ್ಲಿಸಿ, ‘ಜೋಡಿ ಕೂಡತೈತಿ’ ಎಂದು ಅಕ್ಕಿಕಾಳು ಹಾಕಿಬಿಡುತ್ತಾನೆ.

ಕಂಡೆನ್ಸರಿನ ಲಗ್ನ ಐದು ನಿಮಿಷದಲ್ಲಿ ಮುಗಿಯಿತು. ಮಿಸ್ತ್ರಿ ಡಬ್ಬಿಯಲ್ಲಿ ಕೈಯಾಡಿಸಿ ಹಳೆಯ ಲ್ಯಾಂಬ್ರೆಟಾ ಸ್ಕೂಟರಿನದೊಂದನ್ನು ತೆಗೆದ. ಪಾಯಿಂಟಿನ ಬಾಯಿ ಸುಡದಂತೆ ಕರೆಂಟನ್ನು ಒಂದು ಗಳಿಗೆ ತಡೆದಿಟ್ಟುಕೊಳ್ಳುವುದಷ್ಟೇ ಅದರ ಕೆಲಸ. ಯಾರ ಮನೆಯಲ್ಲಿದ್ದರೂ ಅದನ್ನೇ ಮಾಡುತ್ತದೆ. ಪ್ಲಗ್ಗಿನ ತುದಿಯಲ್ಲಿ ನೀಲಿ ಕಿಡಿ ಹಾರಿತು.

ಕಾರ್ಬೋರೇಟರ್ ಮಾತ್ರ ಸತಾಯಿಸಿತು. ‘ಲೂನಾದ್ದು ಹಚ್ಚೋಣೇನ್ರಿ?’ ಎಂದು ಕೇಳಿ, ಮಿಸ್ತ್ರಿ ತಾನೇ ತಲೆಯಾಡಿಸಿದ. ಲೂನಾ ಜನ್ಮದಲ್ಲಿ ಮಗ್ಗುಲಾಗಿ ಮಲಗಿ ಓಡುವುದಿಲ್ಲ. ಅದರ ಕಾರ್ಬೋರೇಟರಿನಲ್ಲಿ ಪೆಟ್ರೋಲ್ ಪುಟ್ಟ ತೊಟ್ಟಿಯೊಳಗೆ ನಿಂತಿರುತ್ತದೆ, ತೇಲುಗುಂಡು ಅದನ್ನು ಕಾಯುತ್ತದೆ. ಗರಗಸವೋ ಮಲಗಿ, ಓರೆಯಾಗಿ, ತಲೆಕೆಳಗಾಗಿ ದುಡಿಯಬೇಕು. ಹಾಗಾಗಿ ಅದಕ್ಕೆ ತೊಟ್ಟಿ ಇಲ್ಲ. ತೆಳ್ಳನೆಯ ರಬ್ಬರ್ ಪೊರೆಯೊಂದು ಎಂಜಿನ್ನಿನ ಉಸಿರಿಗೆ ತಕ್ಕಂತೆ ಉಬ್ಬಿ ಇಳಿದು ಪೆಟ್ರೋಲ್ ಬಿಡುತ್ತದೆ. ನಮ್ಮ ಪೊರೆ ಹಪ್ಪಳದಂತೆ ಸೆಟೆದಿತ್ತು. ‘ಈಗಿನ ಪೆಟ್ರೋಲಿನಾಗ ಸ್ಪಿರಿಟ್ ಇರತೈತ್ರಿ, ಹಳೇ ರಬ್ಬರಿಗೆ ಅದು ಆಗಂಗಿಲ್ಲ’ ಅಂದ ಮಿಸ್ತ್ರಿ. ಬಂಕಿನ ಪೆಟ್ರೋಲಿಗೆ ಈಗ ಶೇ. 20 ಎಥನಾಲ್ ಬೆರಕೆ. ಎಥನಾಲ್ ಕಬ್ಬಿನಿಂದಲೂ ಬರುತ್ತದೆ, ಕಬ್ಬು ನಮ್ಮ ನೆರೆಯ ಬೆಳಗಾವಿಯಲ್ಲಿ ಧಾರಾಳ. ಕಾಡಿನ ದೈತ್ಯ ಮರಗಳಿಗೆ ಜಗ್ಗದ ಯಂತ್ರ ಕಬ್ಬಿಗೆ ಸೋತಿತ್ತು. ಕೊನೆಗೆ ಮಾವಿನ ತೋಟಕ್ಕೆ ಔಷಧ ಹೊಡೆಯುವ ಸ್ಪ್ರೇಯರಿನ ಪೊರೆಯೊಂದು ಅಗಲದಲ್ಲಿಯೂ ತೂತುಗಳಲ್ಲಿಯೂ ಸರಿಹೊಂದಿತು. ಆಪೂಸಿನ ಕೃಪೆ.

ಉಳಿದದ್ದು ರಿಂಗು. ಸಿಲಿಂಡರಿನ ಒಳವ್ಯಾಸ 58 ಎಂ.ಎಂ. ‘ಅಳತಿ ಹೇಳಿದ್ರ ಸಾಕು’ ಎಂಬ ಹೊಸ ದೀಕ್ಷೆ ಪಡೆದಿದ್ದ ನಾನು ಕೃಷಿ ಸಾಮಾನಿನ ಅಂಗಡಿಗೆ ಹೋಗಿ ಗತ್ತಿನಿಂದ ‘58ರ ರಿಂಗ್ ಕೊಡ್ರಿ’ ಅಂದೆ. ‘ಐತ್ರಿ!’ ಎಂದು ಅವರು ಕೊಟ್ಟ ರಿಂಗು ಪಿಸ್ಟನ್ನಿನ ಕುತ್ತಿಗೆಗೂ ಇಳಿಯಲಿಲ್ಲ. ಈಗ ಎಲ್ಲೆಡೆ ಸಿಗುವ ಚೀನಾ ಗರಗಸಗಳು 58 ಸಿಸಿಯವು. ಅವುಗಳ ಸಿಲಿಂಡರ್ 45 ಎಂ.ಎಂ. ಆಸುಪಾಸಿನದು. ‘58 ಕೇಳಿದ್ರಿ, 58 ಕೊಟ್ಟೇವಿ’ ಎಂದು ಅಂಗಡಿಯವರು ವಾದಿಸಿದರು. ಸುದ್ದಿ ಕೇಳಿ ಮಿಸ್ತ್ರಿ ಬೀಡಿ ಆರಿಸಿ ಲೆಕ್ಕ ಶುರು ಮಾಡಿದ.

‘ಬಜಾಜ್ ಚೇತಕ್ ಬೋರ್ ಎಷ್ಟು?’

‘ನನಗ ಹ್ಯಾಂಗ ಗೊತ್ತಿರಬೇಕು?’

‘57. ಬೋರ್ ಹೊಡೆಸಿ ಹೊಡೆಸಿ ಕಡೀಗೆ ಹಾಕೋ ಓವರ್‌ಸೈಜ್ ರಿಂಗ್ ಎಷ್ಟು ದೊಡ್ಡದು?’

‘ಎಷ್ಟು?’

‘ಒಂದು ಎಂ.ಎಂ. 57ಕ್ಕ ಒಂದು ಕೂಡಸ್ರಿ ಮಾಸ್ತರ!’

ನಾಲ್ಕಾರು ಸಲ ಕೆಟ್ಟು, ಸವೆದು, ಬೋರು ಹೊಡೆಸಿಕೊಂಡ ಮುದಿ ಚೇತಕ್ಕಿಗೆಂದು ತಯಾರಾದ ರಿಂಗು ಇನ್ನೊಂದು ಮುದಿ ಯಂತ್ರಕ್ಕೆ ಹೊಸದಾಗಿ ಕೂಡಿತು. ಕೂಡಿತು ಅಂದರೆ, ಕನ್ನಡಿಯ ಮೇಲೆ ಎಮರಿ ಕಾಗದ ಹಾಸಿ ಬೇಕಾದಷ್ಟು ದಪ್ಪಕ್ಕೆ ತಿಕ್ಕಿ, ರಿಂಗಿನ ಬಾಯಿಗೆ ಅರ ಹಿಡಿದು, ಪಿಸ್ಟನ್ನಿನ ಮೊಳೆಗೆ ಸರಿಯಾಗಿ ಕೂರಿಸುವ ಹೊತ್ತಿಗೆ ಮಧ್ಯಾಹ್ನದ ಊಟ ತಪ್ಪಿತ್ತು. ಡೀಲರಿನ ಸಿಸ್ಟಮ್ಮಿಗೆ ಈ ಕೂಡಿಸುವ ಲೆಕ್ಕವನ್ನು ಯಾರೂ ಕಲಿಸಿಲ್ಲ.

ಪೆಟ್ರೋಲಿಗೆ 25ಕ್ಕೆ ಒಂದರಂತೆ 2ಟಿ ಆಯಿಲ್ ಬೆರೆಸಿ ಹಗ್ಗ ಎಳೆದೆವು. ಎಳೆದದ್ದಕ್ಕಿಂತ ಜೋರಾಗಿ ಅದೇ ನಮ್ಮನ್ನು ಎಳೆಯಿತು. ಮಿಸ್ತ್ರಿಯ ಭುಜ ಒಮ್ಮೆ ಕಿತ್ತು ಬಂದು ಮರಳಿ ಕೂತಿತು. ಆಮೇಲೆ ‘ಧಡ್’ ಎಂದು ಹತ್ತಿಕೊಂಡಿತು ನೋಡಿ, ಸಂದಿಯೆಲ್ಲ ನೀಲಿ ಹೊಗೆ. ತಗಡಿನ ಶೆಡ್ಡು ತಾಳ ಹಾಕಿತು, ಕೋಳಿಗಳು ವಲಸೆ ಹೋದವು, ಎದುರು ಮನೆಯ ಮುದುಕರೊಬ್ಬರು ಹೊರಬಂದು, ‘ಯೆಜ್ಡಿ ಚಾಲೂ ಮಾಡಿದ್ರೇನ್ರಿ?’ ಎಂದು ಮೂಗರಳಿಸಿ ಉಸಿರೆಳೆದುಕೊಂಡರು.

ಮನೆಗೆ ತಂದೆ. ಹೆಂಡತಿ ನ್ಯಾಯವಾದ ಪ್ರಶ್ನೆ ಕೇಳಿದಳು. ‘ಈಗ ಏನು ಕೊಯ್ಯೂದು?’ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಮತಿ ಇಲ್ಲದೆ ಮರ ಕಡಿಯುವಂತಿಲ್ಲ. ತೆಂಗು, ನೀಲಗಿರಿ, ಸಿಲ್ವರ್ ಓಕಿನಂಥ ಕೆಲವಕ್ಕೆ ಮಾತ್ರ ವಿನಾಯಿತಿ. ನಮ್ಮ ಹಿತ್ತಲಲ್ಲಿರುವುದು ಒಂದು ಕರಿಬೇವು. ಅದನ್ನು ಮುಟ್ಟಿದರೆ ಯಾವ ಕಾಯ್ದೆಯೂ ಬೇಡ, ಆಕೆಯೇ ಸಾಕು. ಹೀಗಾಗಿ ಧಾರವಾಡದ ಅತ್ಯಂತ ಸಶಕ್ತ ಗರಗಸ ರವಿವಾರಕ್ಕೊಮ್ಮೆ ಹಿತ್ತಲಲ್ಲಿ ಗಾಳಿಯನ್ನು ಕೊಯ್ದು ಮತ್ತೆ ಗೋಣಿಚೀಲ ಹೊದ್ದು ಮಲಗುತ್ತದೆ.

ಆದರೆ ಸುದ್ದಿ ಹಬ್ಬಿತು. ಮೊನ್ನೆ ಶಿರಸಿ ಕಡೆಯವರೊಬ್ಬರ ಫೋನು ಬಂತು.

‘ನಿಮ್ಮ ಹತ್ರ 070 ಉಂಟಂತೆ?’

‘ಹೌದ್ರಿ’ ಎಂದು ಹಿಗ್ಗಿದೆ.

‘ನಮ್ಮದಕ್ಕೆ ಕ್ರ್ಯಾಂಕ್ ಬೇಕಿತ್ತು. ಎಲ್ಲೂ ಸಿಕ್ತಾ ಇಲ್ಲ ಮಾರಾಯ್ರೆ. ನಿಮ್ಮದು ಹಾಳಾಗಿ ಎಷ್ಟು ವರ್ಷ ಆಯ್ತು?’

‘ಹಾಳಾಗಿಲ್ರಿ. ರಿಪೇರಿ ಮಾಡಿಸೀನಿ. ಚಾಲೂ ಐತಿ!’

ಆ ಕಡೆ ಮೌನ. ಬಳಿಕ, ಸಾವಿನ ಮನೆಗೆಂದು ಹೊರಟವರಿಗೆ ರೋಗಿ ಎದ್ದು ಕೂತ ಸುದ್ದಿ ಸಿಕ್ಕಾಗಿನ ದನಿ.

‘ಓಹ್, ಹೌದಾ... ಆಗಲಿ ಬಿಡಿ. ಕೆಟ್ಟ ಮೇಲೆ ಮರೀದೆ ಒಂದು ಫೋನ್ ಮಾಡಿ, ಆಯ್ತಾ?’